ಪದಚರ್ಚೆ: ‘ಹೀಟ್ ಪಂಪ್’ ಎಂಬುದಕ್ಕೆ ‘ಕಾವೇತ’ ಒಗ್ಗೀತೇ? ಅದರ ಫಲಕದ ಗುಂಡಿಗಳಿಗೆ ಯಾವ ಹೆಸರು?

ಬಳಗದ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ.

ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಹೀಟ್ ಪಂಪ್‌ನ ನಿಯಂತ್ರಣ ಫಲಕವನ್ನು ಬಳಸುವ ಬಗೆಯನ್ನು ವಿವರಿಸುವ ಒಂದು ಸಣ್ಣ ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದನ್ನು ಓದಬೇಕಾದವರು ನಮ್ಮ ದೊಡ್ಡಮ್ಮ. ಅವರಿಗೆ ಎಪ್ಪತ್ತು ದಾಟಿದೆ, ಕನ್ನಡ ಬಿಟ್ಟು ಬೇರೆ ಭಾಷೆಯನ್ನು ಓದುವುದಿಲ್ಲ, ಹಗಲು ಹೊತ್ತು ಮನೆಯಲ್ಲಿ ಒಬ್ಬರೇ ಇರುತ್ತಾರೆ. ಹೀಗಾಗಿ ಫಲಕದ ಪ್ರತಿಯೊಂದು ಗುಂಡಿಗೂ ಅವರು ನೋಡಿದ ಕೂಡಲೇ ಅರ್ಥವಾಗುವ ಕನ್ನಡದ ಹೆಸರು ಬೇಕಾಗಿದೆ. ಕೆಲವು ಪದಗಳ ವಿಷಯದಲ್ಲಿ ನನಗೊಂದು ನಿಲುವು ಮೂಡಿದೆ, ಕೆಲವುಗಳಲ್ಲಿ ಇನ್ನೂ ಸಿಕ್ಕಿಕೊಂಡಿದ್ದೇನೆ. ಎರಡನ್ನೂ ನಿಮ್ಮ ಮುಂದಿಡುತ್ತೇನೆ.

ತೊಡಕು ಶುರುವಾದದ್ದು ಒಂದು ವಾಕ್ಯದಿಂದ. ಮೊದಲ ಕರಡಿನಲ್ಲಿ ನಾನು ‘ಉಷ್ಣತೆಯನ್ನು ಹೆಚ್ಚಿಸಲು ಮೇಲಿನ ಗುಂಡಿಯನ್ನು ಒತ್ತಿ’ ಎಂದು ಬರೆದಿದ್ದೆ. ಒಂದು ಬೆಳಿಗ್ಗೆ ಕೋಣೆ ತಣ್ಣಗಿತ್ತೆಂದು ದೊಡ್ಡಮ್ಮ 21ರಲ್ಲಿದ್ದ ಅಂಕಿಯನ್ನು ಒತ್ತುತ್ತಾ ಹೋಗಿ 30ಕ್ಕೆ ತಂದು ನಿಲ್ಲಿಸಿದ್ದರು. ಏಕೆಂದು ಕೇಳಿದಾಗ ‘ಒಲೆಯ ಉರಿ ಜೋರು ಮಾಡಿದ ಹಾಗೆ ಅಲ್ಲವೇನಪ್ಪ, ಬೇಗ ಬಿಸಿಯಾಗಲಿ ಅಂತ’ ಎಂದರು. ನಾನು ಬರೆದ ಪದವನ್ನು ಅವರು ಸರಿಯಾಗಿಯೇ ಓದಿದ್ದರು. ಉಷ್ಣತೆ ಹೆಚ್ಚಿಸುವುದೆಂದರೆ ಉರಿ ಜೋರು ಮಾಡುವುದು ಎಂದು ಬಗೆದದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ಗುಂಡಿ ಉರಿಯನ್ನು ಜೋರು ಮಾಡುವುದಲ್ಲ, ಕೋಣೆ ಎಲ್ಲಿಗೆ ತಲುಪಿದ ಮೇಲೆ ಯಂತ್ರ ನಿಲ್ಲಬೇಕು ಎಂಬುದನ್ನು ಗೊತ್ತುಮಾಡುವುದು. ಗುರಿಯನ್ನು 30ಕ್ಕೆ ಇಟ್ಟರೆ ಯಂತ್ರಕ್ಕೆ ಇದ್ದಕ್ಕಿದ್ದಂತೆ ದೊಡ್ಡ ಕೊರತೆ ಕಾಣುತ್ತದೆ. ಕೊರತೆಯನ್ನು ಬೇಗ ತುಂಬಲೆಂದು ಅದು ತನ್ನೊಳಗಿರುವ ವಿದ್ಯುತ್ ಕಾಯಿಲ್ ಹೀಟರನ್ನೂ ಚಾಲೂ ಮಾಡುತ್ತದೆ, ಆಗ ಖರ್ಚು ಏರುತ್ತದೆ. ಪದವೊಂದು ಸಡಿಲವಾಗಿದ್ದರೆ ಅದರ ಪರಿಣಾಮ ಮೀಟರಿನಲ್ಲಿ ಕಾಣುತ್ತದೆ ಎಂಬುದು ಅಂದು ನನಗೆ ಕಣ್ಣಾರೆ ತಿಳಿಯಿತು.

ಶಾಖದ ಪ್ರಮಾಣ ಬೇರೆ, ಶಾಖದ ಮಟ್ಟ ಬೇರೆ. ಈ ಭೇದವನ್ನು ವಿಜ್ಞಾನದಲ್ಲಿ ಖಚಿತವಾಗಿ ನೆಲೆಗೊಳಿಸಿದವರಲ್ಲಿ 1760ರ ದಶಕದಲ್ಲಿ ಕೆಲಸ ಮಾಡಿದ ಜೋಸೆಫ್ ಬ್ಲ್ಯಾಕ್ ಮುಖ್ಯರು. ಕರಗುತ್ತಿರುವ ಮಂಜುಗಡ್ಡೆ ಎಷ್ಟು ಶಾಖವನ್ನು ಹೀರಿಕೊಂಡರೂ, ಅದು ಪೂರ್ತಿ ಕರಗುವವರೆಗೆ ಥರ್ಮಾಮೀಟರಿನ ಅಂಕಿ ಏರುವುದಿಲ್ಲವೆಂದು ಅವರು ತೋರಿಸಿದರು. ಹಾಗೆ ಅಡಗಿ ಕೂರುವ ಶಾಖಕ್ಕೆ ನಮ್ಮ ಪಠ್ಯಪುಸ್ತಕಗಳು ‘ಗುಪ್ತೋಷ್ಣ’ ಎಂಬ ಒಳ್ಳೆಯ ಪದವನ್ನು ಕೊಟ್ಟಿವೆ. ಹೀಟ್ ಪಂಪ್ ನಡೆಯುವುದೂ ಇದೇ ಗುಪ್ತೋಷ್ಣದ ಬಲದಿಂದ: ಬಲು ಕಡಿಮೆ ತಾಪದಲ್ಲಿ ಕುದಿಯುವ ದ್ರವವೊಂದು ಹೊರಗಿನ ತಣ್ಣನೆಯ ಗಾಳಿಯಿಂದಲೇ ಶಾಖ ಹೀರಿ ಆವಿಯಾಗುತ್ತದೆ, ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ, ಅದು ಕೋಣೆಗಳನ್ನು ಬೆಚ್ಚಗಿಡಲು ಮನೆಯೊಳಗೆ ಸುತ್ತುವ ಕೊಳವೆಯ ನೀರಿಗೆ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಆದರೆ ದಿನಬಳಕೆಯಲ್ಲಿ ಉಷ್ಣ, ಉಷ್ಣತೆ, ಉಷ್ಣಾಂಶ, ತಾಪ, ತಾಪಮಾನ, ಶಾಖ, ಕಾವು, ಬಿಸಿ ಎಂಬ ಇಷ್ಟೊಂದು ಪದಗಳಿದ್ದರೂ ಪ್ರಮಾಣ ಯಾವುದು, ಮಟ್ಟ ಯಾವುದು ಎಂಬ ಗೆರೆಯನ್ನು ನಾವು ಎಳೆದುಕೊಂಡಿಲ್ಲ. ‘ಉಷ್ಣತೆ’ಯನ್ನು ಒಬ್ಬರು ಪ್ರಮಾಣಕ್ಕೆ ಬಳಸಿದರೆ ಇನ್ನೊಬ್ಬರು ಮಟ್ಟಕ್ಕೆ ಬಳಸುತ್ತಾರೆ. ‘ತಾಪ’ವನ್ನು ಪಠ್ಯಗಳಲ್ಲಿ ಮಟ್ಟಕ್ಕೆ ಬಳಸುವುದುಂಟು, ಆದರೆ ‘ಬಿಸಿಲಿನ ತಾಪ’ ಎನ್ನುವಾಗ ಅದು ಮೈಗೆ ತಗಲುವ ಬಿಸಿಯೇ ಆಗಿರುತ್ತದೆ, ಸಂತಾಪ ಪಶ್ಚಾತ್ತಾಪಗಳ ನೆರಳೂ ಅದಕ್ಕಿದೆ. ಹಾಗಾಗಿ ಮಟ್ಟಕ್ಕೆ ‘ತಾಪಮಾನ’ ಎಂದೇ ಬಳಸುವುದು ಲೇಸೆಂದು ನನ್ನ ಎಣಿಕೆ, ಏಕೆಂದರೆ ಅಳೆದು ಹೇಳುವ ಸಂಗತಿ ಅದೆಂಬುದನ್ನು ‘ಮಾನ’ವೇ ಹೇಳುತ್ತದೆ. ಫಲಕದಲ್ಲಿ ನಾವು ಗೊತ್ತುಮಾಡುವ ಅಂಕಿಗೆ ‘ಗುರಿ ತಾಪಮಾನ’ ಎಂದಿಟ್ಟೆ. ‘ಗುರಿ’ ಎಂದೊಡನೆ ದೊಡ್ಡಮ್ಮನಿಗೆ ಅದು ತಲುಪಬೇಕಾದ ಜಾಗ ಎಂದು ತಿಳಿಯಿತು, 30ಕ್ಕೆ ಏರಿಸುವುದು ನಿಂತಿತು.

ಪ್ರಮಾಣಕ್ಕೆ ‘ಶಾಖ’ ಸಾಕು ಎನ್ನುವವರಿದ್ದಾರೆ, ನನ್ನ ಒಲವು ‘ಕಾವು’ ಎಂಬ ಪದದ ಕಡೆಗಿದೆ. ಕಾಯ್ ಎಂಬ ಧಾತುವಿನಿಂದ ಬಂದ ಈ ಪದದ ಸುತ್ತ ‘ನೀರು ಕಾಯಿಸು’, ‘ಚಳಿ ಕಾಯಿಸಿಕೊ’ ಎಂಬ ಜೀವಂತ ಪ್ರಯೋಗಗಳಿವೆ. ಕೋಳಿ ಮೊಟ್ಟೆಯ ಮೇಲೆ ಕೂರುವುದೂ ‘ಕಾವಿಗೆ ಕೂರುವುದೇ’. ಆ ಕಾವು ಸುಡುವುದಿಲ್ಲ, ಬಿಟ್ಟುಬಿಟ್ಟು ಬರುವುದಿಲ್ಲ, ಹಿತವಾದ ಮಟ್ಟದಲ್ಲಿ ದಿನಗಟ್ಟಲೆ ಸಮನಾಗಿ ಬರುತ್ತಲೇ ಇರುತ್ತದೆ. ಹೀಟ್ ಪಂಪನ್ನು ಚೆನ್ನಾಗಿ ನಡೆಸುವ ರೀತಿಯೂ ಅದೇ ತಾನೇ: ನೀರನ್ನು ಹೆಚ್ಚು ಬಿಸಿ ಮಾಡದೆ, ಪದೇ ಪದೇ ಹಚ್ಚಿ ಆರಿಸದೆ, ನಿಧಾನವಾಗಿ ಬಹಳ ಹೊತ್ತು ನಡೆಯಲು ಬಿಡುವುದು. ಒಲೆಯ ಉರಿಗೆ ಒಗ್ಗಿದವರಿಗೆ ಈ ರೀತಿಯನ್ನು ತಿಳಿಸಲು ‘ಕಾವು’ ಎಂಬ ಒಂದು ಪದ ಮಾಡುವಷ್ಟು ಕೆಲಸವನ್ನು ನನ್ನ ಎರಡು ಪುಟದ ವಿವರಣೆ ಮಾಡಲಿಲ್ಲ. ‘ಕಾವೇರಿದ ಚರ್ಚೆ’ ಎನ್ನುವಾಗ ಕಾವು ಏರಿಳಿಯುವ ಮಟ್ಟವೂ ಆಗುತ್ತದಲ್ಲ ಎಂಬ ಆಕ್ಷೇಪವನ್ನು ಬಲ್ಲೆ. ಆದರೂ ‘ಕಾವು ಕೊಡು’, ‘ಕಾವು ತಗಲು’ ಎಂಬ ಪ್ರಯೋಗಗಳಲ್ಲಿ ಅದು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವ ವಸ್ತುವಿನಂತೆ ನಡೆದುಕೊಳ್ಳುವುದರಿಂದ ನನಗೆ ಅದು ಒಪ್ಪಿಗೆಯಾಗಿದೆ.

ಇನ್ನು ಯಂತ್ರದ ಹೆಸರು. ‘ಉಷ್ಣ ಪಂಪು’ ಎಂದು ಬರೆದರೆ ಯಾರೂ ತಪ್ಪೆನ್ನಲಾರರು, ಆದರೆ ಅದರಿಂದ ಏನೂ ಹೊಳೆಯುವುದಿಲ್ಲ. ‘ಉಷ್ಣ ರೇಚಕ’ವಂತೂ ಬೇಡ, ರೇಚಕವೆಂದರೆ ಹೊಟ್ಟೆ ತೊಳೆಯುವ ಮದ್ದು, ಇಲ್ಲವೇ ಪ್ರಾಣಾಯಾಮದಲ್ಲಿ ಉಸಿರು ಹೊರಬಿಡುವ ಕ್ರಮ. ನನಗೆ ಹೊಳೆದದ್ದು ‘ಏತ’. ಕಂಬದ ಮೇಲೆ ಉದ್ದನೆಯ ಮರವನ್ನು ತೂಗುಹಾಕಿ, ಬಾವಿಯ ತಳದಲ್ಲಿರುವ ನೀರನ್ನು ಮೇಲಿನ ಕಾಲುವೆಗೆ ಎತ್ತಿ ಸುರಿಯುವ ಸಾಧನ. ಏತ ನೀರನ್ನು ಸೃಷ್ಟಿಸುವುದಿಲ್ಲ, ಕೆಳಗೆ ಇದ್ದದ್ದನ್ನು ಮೇಲಕ್ಕೆ ತರುತ್ತದೆ. ಹೀಟ್ ಪಂಪ್ ಕೂಡ ಕಾವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಎತ್ತುತ್ತದೆ: ಹೊರಗಿನ ತಗ್ಗು ತಾಪಮಾನದಲ್ಲಿ ಇರುವ ಕಾವನ್ನು ಒಳಗಿನ ಎತ್ತರದ ತಾಪಮಾನಕ್ಕೆ. ಈ ಎರಡು ತಾಪಮಾನಗಳ ಅಂತರವನ್ನು ಎಂಜಿನಿಯರುಗಳು ‘ಲಿಫ್ಟ್’ ಎಂದೇ ಕರೆಯುತ್ತಾರೆ. ಕಾವು ಮತ್ತು ಏತ ಸೇರಿದರೆ ಲೋಪಸಂಧಿಯಿಂದ ‘ಕಾವೇತ’ವಾಗುತ್ತದೆ, ನುಡಿಯಲು ತೊಡಕಿಲ್ಲ.

ಹೋಲಿಕೆ ಬರಿಯ ಅಲಂಕಾರವಾಗಿದ್ದರೆ ನಾನು ಇಷ್ಟು ಪಟ್ಟು ಹಿಡಿಯುತ್ತಿರಲಿಲ್ಲ. ಬಾವಿ ಆಳವಾದಷ್ಟೂ, ಕಾಲುವೆ ಎತ್ತರವಾದಷ್ಟೂ ಅದೇ ಒಂದು ಕೊಡ ನೀರಿಗೆ ಹೆಚ್ಚು ದುಡಿಯಬೇಕಾಗುತ್ತದೆ. ಕಾವೇತದ ಮಿತವ್ಯಯದ ಗುಟ್ಟೆಲ್ಲ ಇದೇ. ಹೊರಗೆ 0 ಡಿಗ್ರಿ ಸೆಲ್ಸಿಯಸ್ ಇದೆ ಎಂದುಕೊಳ್ಳಿ. ನೆಲದಡಿಯ ಕೊಳವೆಗಳಿಗೆ 35 ಡಿಗ್ರಿಯ ನೀರು ಸಾಕಾಗುವ ಮನೆಯಲ್ಲಿ, ಒಂದು ಯೂನಿಟ್ ವಿದ್ಯುತ್ತಿಗೆ ಸಿದ್ಧಾಂತದ ಪ್ರಕಾರ ಹೆಚ್ಚೆಂದರೆ 8.8 ಯೂನಿಟ್ ಕಾವನ್ನು ಎತ್ತಿ ತರಬಹುದು. ಹಳೆಯ ರೇಡಿಯೇಟರುಗಳಿಗೆಂದು (ಬಿಸಿನೀರು ಹರಿದು ಕೋಣೆಯನ್ನು ಕಾಯಿಸುವ, ಗೋಡೆಬದಿಯ ಲೋಹದ ಸಾಧನಗಳಿಗೆಂದು) 55 ಡಿಗ್ರಿಯ ನೀರು ಬೇಕಾದರೆ ಆ ಮೇಲ್ಮಿತಿ 6ಕ್ಕೆ ಇಳಿಯುತ್ತದೆ. ನಿಜವಾದ ಯಂತ್ರಗಳು ಈ ಮೇಲ್ಮಿತಿಯ ಅರ್ಧದ ಆಸುಪಾಸಿನಲ್ಲಿಯೋ ಅದಕ್ಕಿಂತ ಕೆಳಗೋ ನಿಲ್ಲುತ್ತವೆ, ಆದರೆ ಇಳಿಕೆಯ ದಿಕ್ಕು ಅದೇ. ‘ಕಾಲುವೆಯನ್ನು ಬೇಕಿಲ್ಲದೆ ಎತ್ತರದಲ್ಲಿ ಇಡಬೇಡಿ’ ಎಂದು ಬರೆದರೆ, ಕೊಳವೆಯ ನೀರಿನ ತಾಪಮಾನವನ್ನು ತಗ್ಗಿಸಿ ಎಂಬ ಸಲಹೆಯ ಕಾರಣ ತಾನೇ ತಿಳಿಯುತ್ತದೆ. ಬೇಸಿಗೆಯಲ್ಲಿ ಯಂತ್ರ ತಿರುಗುಮುರುಗಾಗಿ ಮನೆಯ ಕಾವನ್ನು ಅದಕ್ಕಿಂತ ಬಿಸಿಯಾದ ಹೊರಗಾಳಿಗೆ ಸಾಗಿಸುವಾಗಲೂ ಅದು ತಗ್ಗಿನಿಂದ ಎತ್ತರಕ್ಕೆ ಎತ್ತುವ ಕೆಲಸವೇ ಆದ್ದರಿಂದ ಹೆಸರು ಸುಳ್ಳಾಗುವುದಿಲ್ಲ. ನನ್ನ ಅಳುಕು ಒಂದೇ: ‘ಏತ ನೀರಾವರಿ’ ಎಂಬ ಜೋಡುಪದದ ಹೊರಗೆ ಏತವನ್ನು ಇಂದಿನ ಕಿರಿಯರು ಬಲ್ಲರೇ?

ಇದಕ್ಕೆ ಅಂಟಿಕೊಂಡೇ ‘ಎಫಿಶಿಯನ್ಸಿ’ ಬರುತ್ತದೆ. ‘ಸಾಮರ್ಥ್ಯ’ ಎಂದು ಬರೆಯುವವರು ಬಹಳ ಮಂದಿ. ಅದು ತಪ್ಪು, ಎಷ್ಟು ದೊಡ್ಡ ಮನೆಯನ್ನು ಬೆಚ್ಚಗಿಡಬಲ್ಲದು ಎಂಬುದು ಸಾಮರ್ಥ್ಯ, ಎಷ್ಟು ಕಡಿಮೆ ವಿದ್ಯುತ್ತಿನಲ್ಲಿ ಎಂಬುದು ದಕ್ಷತೆ. ಆದರೆ ದಕ್ಷತೆಯೆಂದರೆ ನೂರಕ್ಕೆ ನೂರನ್ನು ಮೀರದ್ದು ಎಂದು ಶಾಲೆಯಲ್ಲಿ ಕಲಿತವರು, ಒಂದು ಕೊಟ್ಟರೆ ಮೂರೋ ನಾಲ್ಕೋ ಬರುತ್ತದೆ ಎಂಬುದನ್ನು ನಂಬುವುದಿಲ್ಲ. ಈ ಅನುಪಾತಕ್ಕೆ ‘ಇಳುವರಿ’ ಎಂದರೆ ಹೇಗೆ? ಬಿತ್ತಿದ್ದಕ್ಕಿಂತ ಹಲವು ಪಟ್ಟು ಬರುವುದು ಇಳುವರಿಯ ಸ್ವಭಾವವೇ. ಉಳಿದದ್ದು ನೆಲದಿಂದ, ಮಳೆಯಿಂದ ಬಂದದ್ದೆಂದು ಎಲ್ಲರಿಗೂ ಗೊತ್ತು, ಇಲ್ಲಿ ಉಳಿದದ್ದು ಹೊರಗಿನ ಗಾಳಿಯಿಂದ. ಇಡೀ ಚಳಿಗಾಲದ ಸರಾಸರಿಯನ್ನು ‘ಋತುವಿನ ಇಳುವರಿ’ ಎಂದರೂ ಸಹಜವಾಗಿ ಕೇಳುತ್ತದೆ.

‘ಕಂಫರ್ಟ್’ ಮತ್ತು ‘ಇಕೋ’ ಗುಂಡಿಗಳ ವಿಷಯದಲ್ಲಿ ನನಗೆ ಗೊಂದಲವಿಲ್ಲ. ‘ಹಿತಮಿತ’ ಎಂಬ ಜೋಡಿಯನ್ನು ಬಿಡಿಸಿ ಒಂದರ ಮೇಲೆ ‘ಹಿತ’, ಇನ್ನೊಂದರ ಮೇಲೆ ‘ಮಿತ’ ಎಂದು ಬರೆದೆ. ಎರಡೆರಡೇ ಅಕ್ಷರ, ಗುಂಡಿಯ ಅಗಲಕ್ಕೂ ಸರಿಹೋಯಿತು.

ನಿಘಂಟು ದಾರಿ ತಪ್ಪಿಸಿದ್ದು ಮುಂದಿನ ಎರಡರಲ್ಲಿ. ರಾತ್ರಿ ಗುರಿಯನ್ನು ತುಸು ತಗ್ಗಿಸುವ ‘ನೈಟ್ ಸೆಟ್‌ಬ್ಯಾಕ್’ ಒಂದು ಕರಡಿನಲ್ಲಿ ‘ರಾತ್ರಿ ಹಿನ್ನಡೆ’ ಎಂದಾಗಿತ್ತು. ಓದಿದವರಿಗೆ ಯಂತ್ರ ಸೋತಿದೆ ಎನ್ನಿಸುತ್ತದೆ. ‘ಇರುಳಿನ ಇಳಿಕೆ’ ಎಂದು ಬದಲಿಸಿದ್ದೇನೆ. ಎರಡು ಮೂರು ಡಿಗ್ರಿಗಿಂತ ಹೆಚ್ಚು ಇಳಿಸಿದರೆ ಬೆಳಿಗ್ಗೆ ಮತ್ತೆ ಏರಿಸಲು ನೀರನ್ನು ಹೆಚ್ಚು ಬಿಸಿ ಮಾಡಬೇಕಾಗಿ ಆದ ಉಳಿತಾಯವೇ ಕೈತಪ್ಪಬಹುದು ಎಂಬ ಎಚ್ಚರಿಕೆಯನ್ನೂ ಜೊತೆಗಿಟ್ಟಿದ್ದೇನೆ. ಹೊರಗೆ ಚಳಿ ಹೆಚ್ಚಿದಂತೆ ಕೊಳವೆಯ ನೀರನ್ನು ತಾನಾಗಿಯೇ ಹೆಚ್ಚು ಬಿಸಿ ಮಾಡುವ, ಕಡಿಮೆಯಾದಂತೆ ತಗ್ಗಿಸುವ ‘ವೆದರ್ ಕಾಂಪೆನ್ಸೇಶನ್’ ಅದೇ ಕರಡಿನಲ್ಲಿ ‘ಹವಾಮಾನ ಪರಿಹಾರ’ ಎಂದಾಗಿತ್ತು. ಹಾಗೆಂದರೆ ನಮ್ಮವರಿಗೆ ನೆನಪಾಗುವುದು ಬೆಳೆ ಪರಿಹಾರ. ‘ಹವೆಗೆ ತಕ್ಕ ಕಾವು’ ಎಂಬುದು ನನ್ನ ಸಲಹೆ. ಹೊರಗೆ ಎಷ್ಟು ಚಳಿಯಿದ್ದರೆ ನೀರು ಎಷ್ಟು ಬಿಸಿಯಿರಬೇಕು ಎಂಬುದನ್ನು ತೋರಿಸುವ ರೇಖೆಯೊಂದು ಇದರೊಳಗಿದೆ, ಅದಕ್ಕೆ ಎರಡು ತಿದ್ದುಗಳಿವೆ: ಕಡುಚಳಿಯ ದಿನ ಮಾತ್ರ ಕೋಣೆ ತಣ್ಣಗಾಗುತ್ತಿದ್ದರೆ ರೇಖೆಯನ್ನು ಇನ್ನಷ್ಟು ಕಡಿದಾಗಿಸಬೇಕು, ಎಲ್ಲ ದಿನವೂ ತಣ್ಣಗಿದ್ದರೆ ಇಡೀ ರೇಖೆಯನ್ನು ಮೇಲಕ್ಕೆ ಸರಿಸಬೇಕು. ಮೊದಲನೆಯದಕ್ಕೆ ‘ರೇಖೆಯ ಏರು’, ಎರಡನೆಯದಕ್ಕೆ ‘ರೇಖೆಯ ಎತ್ತರ’ ಎಂದಿದ್ದೇನೆ. ಇವೆರಡೂ ಒಂದೇ ಎಂಬ ಭ್ರಮೆ ಹುಟ್ಟಿಸಬಹುದೇ ಎಂಬ ಅನುಮಾನವಿದೆ. ಈ ತಿದ್ದುವಿಕೆಗೇ ‘ಹೊಂದಾಣಿಕೆ’ ಎಂಬ ಪದವನ್ನು ಬಳಸದಿರಲು ಕಾರಣ, ‘ಹೊಂದಾಣಿಕೆ ಮಾಡಿಕೊಳ್ಳಿ’ ಎಂದರೆ ಕನ್ನಡದಲ್ಲಿ ಸಹಿಸಿಕೊಳ್ಳಿ ಎಂದೇ ಅರ್ಥವಾಗುತ್ತದೆ. ಅದರ ಬದಲು ‘ಹದ ಮಾಡಿಕೊಳ್ಳಿ’ ಎಂದಿದ್ದೇನೆ.

ಚಳಿಯಲ್ಲಿ ಮನೆಯ ಹೊರಗಿರುವ ಘಟಕದ ಮೇಲೆ ಕಟ್ಟುವ ಹಿಮವನ್ನು ಯಂತ್ರವೇ ಆಗಾಗ ಕರಗಿಸಿಕೊಳ್ಳುವ ‘ಡಿಫ್ರಾಸ್ಟ್’ಗೆ ‘ಮಂಜು ನಿವಾರಣೆ’ ಬೇಡ, ಮಂಜೆಂದರೆ ಕಣ್ಣಿಗೆ ಕವಿಯುವುದೂ ಹೌದು. ‘ಹಿಮ ಕರಗಿಸುವ ಹಂತ’ ಎಂದರೆ ಹೊರಘಟಕದಿಂದ ಆವಿ ಏಳುವುದನ್ನು ಕಂಡು ಹೊಗೆಯೆಂದು ಗಾಬರಿಯಾಗುವುದು ತಪ್ಪುತ್ತದೆ.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಫಲಕದಲ್ಲಿ ‘ಎಮರ್ಜೆನ್ಸಿ ಹೀಟ್’ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಕಾವೇತ ಪೂರ್ತಿ ನಿಂತು ಬರಿಯ ವಿದ್ಯುತ್ ಕಾಯಿಲ್ ಮಾತ್ರ ಉರಿಯುತ್ತದೆ, ಆಗ ಇಳುವರಿ ಒಂದಕ್ಕೆ ಒಂದೇ. ಯಂತ್ರ ಕೆಟ್ಟಾಗ ಮಾತ್ರ ಬಳಸಬೇಕಾದ ಗುಂಡಿ ಅದು. ‘ತುರ್ತು ಶಾಖ’ ಎಂದು ಬರೆದರೆ, ಚಳಿಯಿಂದ ನಡುಗುವ ಯಾರಿಗಾದರೂ ತಮ್ಮ ತುರ್ತು ಅದೇ ಎನ್ನಿಸುತ್ತದೆ. ದೊಡ್ಡಮ್ಮನೂ ‘ಬೇಗ ಬೇಕು ಅಂದಾಗ ಇದನ್ನಾ ಒತ್ತೋದು?’ ಎಂದು ಕೇಳಿದರು. ಕಾವೇತದ ಜೊತೆಗೆ ಕಾಯಿಲ್ ಕೂಡ ದುಡಿಯುವುದಕ್ಕೆ ‘ಜೊತೆಕಾವು’ ಎಂದೂ, ಕಾವೇತ ನಿಂತು ಕಾಯಿಲ್ ಒಂದೇ ದುಡಿಯುವುದಕ್ಕೆ ‘ಬದಲಿ ಕಾವು’ ಎಂದೂ ಸದ್ಯಕ್ಕೆ ಬರೆದಿದ್ದೇನೆ. ಆದರೆ ‘ಬದಲಿ’ಯಲ್ಲಿ ಯಂತ್ರ ಕೆಟ್ಟಿದೆ ಎಂಬ ಸೂಚನೆ ಸಾಕಷ್ಟಿಲ್ಲ, ‘ಕೆಟ್ಟಾಗಿನ ಕಾವು’ ಎಂದರೆ ಕಾವೇ ಕೆಟ್ಟದ್ದೆಂಬಂತೆ ಕೇಳುತ್ತದೆ. ಯಂತ್ರ ಕೈಕೊಟ್ಟಾಗ ಮಾತ್ರ ಎಂಬುದನ್ನು ಎರಡು ಪದಗಳಲ್ಲಿ ಹೇಳುವ ಬಗೆ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ. ಆ ಗುಂಡಿಯ ಮೇಲೆ ಸದ್ಯಕ್ಕೆ ಖಾಲಿ ಕಾಗದದ ಚೂರನ್ನು ಅಂಟಿಸಿ ಬಂದಿದ್ದೇನೆ.