ಎ-ಲೆವೆಲ್‌ನಲ್ಲಿ ಮೂರನೇ ವಿಷಯ ಯಾವುದು? ಮೆಡಿಕಲ್ ಓದಿಸಿದವರು ಸ್ವಲ್ಪ ಹೇಳಿ

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು, ಈಗ ಇಂಗ್ಲೆಂಡಿನಲ್ಲಿದ್ದೇವೆ. ಮಗಳು ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿ ಥರ) ಪರೀಕ್ಷೆ ಮುಗಿಸಿದ್ದಾಳೆ. ಇನ್ನು ಎ-ಲೆವೆಲ್, ಅಂದರೆ ನಮ್ಮ ಪಿಯುಸಿ ಥರದ ಓದು; ಅದಕ್ಕೆ ಸಾಮಾನ್ಯವಾಗಿ ಮೂರು ವಿಷಯ ಆರಿಸಿಕೊಳ್ಳಬೇಕು. ಡಾಕ್ಟರ್ ಆಗಬೇಕು ಅಂತ ಅವಳದೇ ಆಸೆ, ನಾವು ಒತ್ತಾಯ ಮಾಡಿಲ್ಲ (ಊರಲ್ಲಿ ಯಾರೂ ನಂಬಲ್ಲ, ಅದು ಬೇರೆ ಮಾತು).

ಕೆಮಿಸ್ಟ್ರಿ, ಬಯಾಲಜಿ ಖಾಯಂ. ತಲೆನೋವು ಇರುವುದು ಮೂರನೆಯದರಲ್ಲಿ. ಅವಳಿಗೆ ಮ್ಯಾಥ್ಸ್ ಇಷ್ಟ, ಫಿಸಿಕ್ಸ್ ಅಂದರೆ ಮುಖ ಸಿಂಡರಿಸುತ್ತಾಳೆ. ನಾಲ್ಕೈದು ಯೂನಿವರ್ಸಿಟಿಗಳ ವೆಬ್‌ಸೈಟ್ ನೋಡಿದೆ. ಫಿಸಿಕ್ಸೇ ಬೇಕು ಅಂತ ಎಲ್ಲೂ ಇಲ್ಲ, ಮೂರು ವಿಷಯದಲ್ಲೂ ಎ ಗ್ರೇಡ್ ಬಂದರೆ ಸಾಕು. ಶಾಲೆಯಲ್ಲೂ ಇಷ್ಟವಿರುವುದನ್ನೇ ತಗೊಳ್ಳಲಿ ಅಂದರು.

ಆದರೆ ಇಲ್ಲಿ ಮೆಡಿಸಿನ್‌ಗೆ ಒಂದು ವರ್ಷಕ್ಕೆ ನಾಲ್ಕೇ ಕಡೆ ಅರ್ಜಿ ಹಾಕಬಹುದು. ನಾಲ್ಕೂ ಕೈಕೊಟ್ಟರೆ? ಊರಿಗೆ ಬಂದು ನೀಟ್ ಬರೆಯೋಣ ಅಂದರೆ ಫಿಸಿಕ್ಸ್ ಇರಲೇಬೇಕು. 720ರಲ್ಲಿ 180 ಅಂಕ ಅದಕ್ಕೇ ಇದೆ. ಮ್ಯಾಥ್ಸ್, ಫಿಸಿಕ್ಸ್ ಎರಡೂ ಸೇರಿಸಿ ನಾಲ್ಕೂ ವಿಷಯ ತಗೊಳ್ಳಲಿ ಅಂತ ನಮ್ಮ ಮೈದುನ ಫೋನಿನಲ್ಲಿ ಸುಲಭವಾಗಿ ಹೇಳಿಬಿಟ್ಟರು. ಓದುವವಳು ಅವಳಲ್ವಾ? ಯುಕ್ಯಾಟ್ (ಇಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ) ತಯಾರಿ ಬೇರೆ ಇದೆ. ನಾಲ್ಕರ ಭಾರಕ್ಕೆ ಒಂದು ಎ ಜಾರಿ ಬಿ ಆದರೆ ಇಲ್ಲಿನ ಸೀಟೂ ಹೋಯಿತು.

ಸೆಪ್ಟೆಂಬರ್ ಒಳಗೆ ತೀರ್ಮಾನ ಮಾಡಬೇಕು. ನನ್ನ ಪ್ರಶ್ನೆ ಇಷ್ಟೇ: ಮಕ್ಕಳನ್ನು ಎ-ಲೆವೆಲ್ ಓದಿಸಿ, ಆಮೇಲೆ ಕರ್ನಾಟಕದಲ್ಲಿ ಎಂಬಿಬಿಎಸ್‌ಗೆ ಸೇರಿಸಿದವರು ಇದ್ದೀರಾ? ನೀಟ್‌ಗೋಸ್ಕರ ಫಿಸಿಕ್ಸ್ ಹಿಡಿಸಿದ್ದು ನಿಜಕ್ಕೂ ಉಪಯೋಗಕ್ಕೆ ಬಂತಾ, ಇಲ್ಲಾ ಮ್ಯಾಥ್ಸೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು ಅನ್ನಿಸಿತಾ?