ಅಜಲು ಕೊಟ್ಟ ಮನೆಯವರು ಈಗ ಕೊರಗರ ಮನೆಗೆ ಹೋಗಿ ಏನು ಹೇಳಬೇಕು?

ಹೆಬ್ರಿ ಟೀಚರ್

ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ. ಮೂವತ್ತೈದು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಚುಟುಕಾಗಿ ಹೇಳಿ ಅಭ್ಯಾಸ ಇಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಅಲ್ಲಿ ಸೆಪ್ಟೆಂಬರ್ 30ರ ಹೊತ್ತಿಗೆ ಶಾಲೆ ಮಕ್ಕಳೆಲ್ಲ ಕಿತ್ತಳೆ ಬಣ್ಣದ ಅಂಗಿ ಹಾಕುತ್ತಾರೆ. ಫಿಲಿಸ್ ವೆಬ್‌ಸ್ಟಡ್ ಅಂತ ಒಬ್ಬರು ಮೂಲನಿವಾಸಿ ಹೆಂಗಸು. 1973ರಲ್ಲಿ, ಆರು ವರ್ಷದವರಿದ್ದಾಗ, ಅವರನ್ನು ವಸತಿ ಶಾಲೆಗೆ ಹಾಕಿದರು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬಿಡಿಸಿ, ಅವರ ಭಾಷೆ, ಸಂಸ್ಕೃತಿ ಮರೆಸಲು ನಡೆಸುತ್ತಿದ್ದ ಶಾಲೆ ಅದು. ಅಜ್ಜಿ ತೆಗೆಸಿಕೊಟ್ಟ ಹೊಸ ಕಿತ್ತಳೆ ಅಂಗಿಯನ್ನು ಮೊದಲ ದಿನವೇ ಕಿತ್ತುಕೊಂಡರು. ಮತ್ತೆ ಕೊಡಲೇ ಇಲ್ಲ. ಅಲ್ಲಿನ ಅಂಥ ಶಾಲೆಗಳಿಗೆ ಸುಮಾರು ಒಂದೂವರೆ ಲಕ್ಷ ಮಕ್ಕಳನ್ನು ಹಾಕಿದ್ದರಂತೆ. ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ನಾನೂ ಟೀಚರೇ ಅಲ್ವಾ.

ಮೊಮ್ಮಗಳಿಗೆ ಹೋಂವರ್ಕ್ ಇತ್ತು. "ಅಜ್ಜಿ, ನಿಮ್ಮ ಊರಲ್ಲಿ ಎಲ್ಲರಿಗಿಂತ ಮೊದಲಿಂದ ಇದ್ದವರು ಯಾರು?" ಅಂತ ಕೇಳಿದಳು. "ಕೊರಗರು" ಅಂದೆ. ಬರೆದುಕೊಂಡಳು. "ನಿಮಗೆ ಗುರುತಿನವರು ಇದ್ದಾರಾ?" ಇದ್ದರು ಅಂದೆ. "ಹೆಸರೇನು?" ಹೇಳಲು ಹೊರಟವಳು ಅಲ್ಲಿಗೇ ನಿಂತೆ.

ನಮ್ಮ ತಾಯಿಮನೆ ಹೆಬ್ರಿ ಕಡೆ. ಮನೆಗೆ ಒಬ್ಬರು ಕೊರಗ ಹೆಂಗಸು ಬುಟ್ಟಿ, ತಡ್ಪೆ (ಮೊರ) ತರುತ್ತಿದ್ದರು. ಅವರಿಗೆ ನಾವು ಕರೆಯುತ್ತಿದ್ದದ್ದು ವಾರದ ಹೆಸರು. ಗೊತ್ತಲ್ಲ, ಶನಿವಾರ ಹುಟ್ಟಿದರೆ ತನಿಯ, ಭಾನುವಾರವಾದರೆ ಐತ, ಶುಕ್ರವಾರ ತುಕ್ರ. ಅದು ಅವರ ನಿಜವಾದ ಹೆಸರೋ, ನಮ್ಮವರು ಅಂಟಿಸಿದ್ದೋ ಅಂತ ಒಂದು ದಿನವೂ ನನಗೆ ಅನುಮಾನ ಬಂದಿರಲಿಲ್ಲ.

ಈಗ ಮುಖ್ಯ ವಿಷಯ. 1966ರ ಮಳೆಗಾಲ. ನನಗೆ ಎಂಟು, ತಮ್ಮನಿಗೆ ಎರಡು ವರ್ಷ. ಅವನಿಗೆ ಜ್ವರ, ಮೇಲಿಂದ ಮೇಲೆ ಫಿಟ್ಸ್. ನನ್ನ ಅಜ್ಜಿ ಅವನ ಕೂದಲು, ಉಗುರು ಕತ್ತರಿಸಿ ಅನ್ನಕ್ಕೆ ಕಲಸಿದರು. ಬಾಳೆಲೆಯಲ್ಲಿಟ್ಟು ದನದ ಹಟ್ಟಿಯ ಹಿಂದೆ ಆ ಹೆಂಗಸಿಗೆ ಕೊಡಲು ಹೇಳಿದರು. ಅದಕ್ಕೆ ಅಜಲು ಅಂತ ಹೆಸರು. ಮಗುವಿನ ಪೀಡೆ ಅವರಿಗೆ ಹೋಗಲಿ ಅಂತ. ಎಲೆ ಹಿಡಿದುಕೊಂಡು ಹೋದದ್ದು ನಾನು. ಅವರು ನನ್ನ ಎದುರೇ ತಿಂದರು. ತಮ್ಮ ಗುಣವಾದ, ಬ್ಯಾಂಕ್ ಮ್ಯಾನೇಜರಾಗಿ ರಿಟೈರ್ ಆಗಿ ಬೆಂಗಳೂರಿನಲ್ಲಿ ಆರಾಮಾಗಿದ್ದಾನೆ. ಗುಣ ಮಾಡಿದ್ದು ಕಾರ್ಕಳದ ಡಾಕ್ಟರು ಅಂತ ಈಗ ಗೊತ್ತು.

ಇನ್ನೊಂದು ಮಾತು. ನಾವೇನು ದೊಡ್ಡ ಗುತ್ತಿನ ಜಮೀನ್ದಾರರಲ್ಲ, ಗೇಣಿ ಒಕ್ಕಲು. 1974ರ ಭೂಸುಧಾರಣೆ ಕಾನೂನು ಬಂದಾಗ ಅಪ್ಪ ಡಿಕ್ಲರೇಶನ್ ಕೊಟ್ಟರು, ಗದ್ದೆ ನಮ್ಮದಾಯಿತು. ನಾನು ಟಿಸಿಎಚ್ (ಟೀಚರ್ ತರಬೇತಿ) ಓದಿದ್ದು ಅದರ ಭತ್ತದಲ್ಲಿ. ಗುಡ್ಡದ ಮೇಲಿದ್ದ ಆ ಮನೆಯವರಿಗೆ ಏನೂ ಬರಲಿಲ್ಲ. ಅವರು ಯಾರ ಗೇಣಿದಾರರೂ ಆಗಿರಲಿಲ್ಲವಲ್ಲ.

ಆ ಹೆಂಗಸು ತೀರಿಕೊಂಡು ಬಹಳ ವರ್ಷವಾಯಿತು. ಮೊಮ್ಮಗ ಈಗಲೂ ಅದೇ ಗುಡ್ಡದ ಬದಿಯಲ್ಲಿದ್ದಾರೆ. ನಾನು ಉಡುಪಿಯಲ್ಲಿದ್ದೇನೆ, ಬಸ್ಸಿಗೆ ಒಂದು ಗಂಟೆ. ಹೋಗಿ ತಪ್ಪಾಯಿತು ಅನ್ನಬೇಕು ಅಂತ ಇದೆ. ಹೋಗಬಹುದಾ? ಏನು ಹಿಡಿದುಕೊಂಡು ಹೋಗಲಿ?

ಕುಡ್ಲದ ಭಾವ

ಟೀಚರ್, ನೀವು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೀರಿ. ಎಂಟು ವರ್ಷದ ಹುಡುಗಿ ಏನು ಮಾಡಲಿಕ್ಕಾಗುತ್ತದೆ? ಅಜಲು ಬ್ಯಾನ್ ಆಗಿದೆ, 2000ದಲ್ಲೇ ಕಾನೂನು ಬಂದಿದೆ. ಈಗ ಕೊರಗರ ದೈವ ಕೊರಗಜ್ಜ ಅಂದರೆ ಕೈ ಮುಗಿಯದವರು ಯಾರಿದ್ದಾರೆ ಮಾರಾಯ್ರೆ? ನಾನು ತಿಂಗಳಿಗೊಮ್ಮೆ ಕುತ್ತಾರಿನ ಅಜ್ಜನ ಕಟ್ಟೆಗೆ ಹೋಗಿ ಚಕ್ಕುಲಿ, ವೀಳ್ಯ ಇಟ್ಟು ಬರುತ್ತೇನೆ. ಕೆನಡಾದ ವಿಷಯ ಬೇರೆ, ನಮ್ಮ ವಿಷಯ ಬೇರೆ. ಹಳೆ ಗಾಯ ಕೆರೆಯಬೇಡಿ.

ಬೂರು ಬುಟ್ಟಿ

ನಾನು ಕೊರಗ ಸಮುದಾಯದವಳು, ಎಂಎಸ್‌ಡಬ್ಲ್ಯೂ ಮಾಡಿದ್ದೇನೆ. ಮೊದಲು ಭಾವನವರಿಗೆ ಎರಡು ಮಾತು.

ನಮ್ಮ ಅಜ್ಜನಿಗೆ ಚಕ್ಕುಲಿ ಇಡುತ್ತೀರಿ, ಸಂತೋಷ. ನಾನು ಮಂಗಳೂರಿನಲ್ಲಿ ಬಾಡಿಗೆ ರೂಮು ಕೇಳಲು ಹೋದ ಮನೆಯ ಕಾರಿನ ಹಿಂದೆ "ಸ್ವಾಮಿ ಕೊರಗಜ್ಜ" ಅಂತ ಸ್ಟಿಕ್ಕರ್ ಇತ್ತು. ಅದನ್ನು ನೋಡಿ ಧೈರ್ಯವಾಗಿ ಜಾತಿ ಹೇಳಿದೆ. ರೂಮು ಖಾಲಿ ಇಲ್ಲ ಅಂದರು. ಗೇಟಿನಲ್ಲಿ "ಟು ಲೆಟ್" ಬೋರ್ಡು ಇನ್ನೂ ತೂಗುತ್ತಿತ್ತು. ಗಾಯ ಹಳೆಯದು ಅಂತ ಹೇಗೆ ಹೇಳಲಿ?

ಟೀಚರ್, ನಿಮ್ಮದನ್ನು ಎರಡು ಸಲ ಓದಿದೆ. ಎಲೆ ಹಿಡಿದದ್ದನ್ನು ಮುಚ್ಚಿಡದೆ ಬರೆದಿರಿ, ಅಷ್ಟು ಮಾಡುವವರೂ ಕಡಿಮೆ. ಆದರೆ ತಪ್ಪಾಯಿತು ಅನ್ನಲು ಮಾತ್ರ ಹೋಗುವುದಾದರೆ ಬೇಡ. ಯಾಕೆ ಅಂತ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಸಂಘದವರು ನಮ್ಮ ಕಾಲೊನಿಗೆ ಬಂದು ನನ್ನ ಅಜ್ಜಿಯ ಕಾಲು ತೊಳೆದರು. ಅಜ್ಜಿಗೆ ಮಂಡಿನೋವು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಕ್ಕಾಲು ಗಂಟೆ ಕೂರಿಸಿದರು. ಫೋಟೊ ಸರಿ ಬರಲಿಲ್ಲ ಅಂತ ಎರಡನೇ ಸಲವೂ ತೊಳೆದರು. ಕೊನೆಗೆ ಮೈಕು ಹಿಡಿದು "ಅಜ್ಜಿ, ಒಂದು ಮಾತು ಹೇಳಿ" ಅಂದರು. ಅಜ್ಜಿ ಹೇಳಿದ್ದು, "ಒರೆಸಲಿಕ್ಕೆ ಒಂದು ಬಟ್ಟೆ ಕೊಡಿ."

ತಪ್ಪಾಯಿತು ಅಂತ ಮನೆ ಬಾಗಿಲಿಗೆ ಬಂದವರಿಗೆ ನಾವು "ಇರಲಿ ಅಕ್ಕ" ಅನ್ನಲೇಬೇಕು. ಇಲ್ಲ ಅನ್ನಲು ಬರುತ್ತದಾ? ನೀವು ಹಗುರಾಗಿ ಬಸ್ಸು ಹತ್ತುತ್ತೀರಿ. ಆಮೇಲೆ ಆ ಎಲೆ, ಆ ಅನ್ನ ಎಲ್ಲ ನೆನಪಾಗಿ ರಾತ್ರಿ ನಿದ್ದೆ ಬಾರದಿರುವುದು ನಮಗೆ.

ಏನು ಹಿಡಿದುಕೊಂಡು ಹೋಗಲಿ ಅಂತ ಕೇಳಿದಿರಿ. ಹಳೆ ಸೀರೆ ಖಂಡಿತ ಬೇಡ. ಗ್ರಹಣದ ದಿನ ಹಳೆ ಬಟ್ಟೆ, ಎಣ್ಣೆ, ಅಕ್ಕಿ ಕೊಡುತ್ತಿದ್ದದ್ದು ನಮ್ಮ ಹಿರಿಯರಿಗೆ ಇನ್ನೂ ನೆನಪಿದೆ. ಬುಟ್ಟಿ ಹೆಣೆಯುವವರಾದರೆ ಬುಟ್ಟಿ ಕೊಳ್ಳಿ, ಹೇಳಿದ ರೇಟು ಕೊಡಿ. ಬೂರು, ಅಂದರೆ ಬುಟ್ಟಿಯ ಬಳ್ಳಿ, ತರಲು ಕಾಡಿನಲ್ಲಿ ಒಂದು ದಿನ, ಸೀಳಿ ಹೆಣೆಯಲು ಇನ್ನೊಂದು ದಿನ. ಅದರ ಮಧ್ಯೆ ಫಾರೆಸ್ಟ್ ಗಾರ್ಡಿನ ಕಣ್ಣು ತಪ್ಪಿಸಬೇಕು. ಮಾಲ್‌ನಲ್ಲಿ ಚೌಕಾಸಿ ಮಾಡದವರು ನಮ್ಮ ಹತ್ತಿರ ಹತ್ತು ರೂಪಾಯಿಗೆ ಎಳೆಯುತ್ತಾರೆ.

ಡೋಲಿನದ್ದೂ ಹೀಗೆಯೇ. ಡೋಲು ನಮ್ಮದು, ನಮ್ಮ ಮದುವೆಯಲ್ಲಿ ಕುಣಿದುಕೊಂಡು ಬಾರಿಸುತ್ತೇವೆ. ಕಂಬಳದ ಹಿಂದಿನ ರಾತ್ರಿ ಮಂಜಿನಲ್ಲಿ ಕೂತು ಬಾರಿಸಿ ಅಂದರೆ ಬರುವುದಿಲ್ಲ. ಪನಿಕುಲ್ಲುನಿ ಅನ್ನುತ್ತಿದ್ದರು ಅದಕ್ಕೆ. ಬೆಳಗ್ಗೆ ಕೋಣಗಳಿಗಿಂತ ಮೊದಲು ಗದ್ದೆಯಲ್ಲಿ ನಮ್ಮವರನ್ನು ಓಡಿಸುತ್ತಿದ್ದರು. ಅಜಲು ಕಾಯ್ದೆಯಲ್ಲಿ ಅದನ್ನೂ ಹೆಸರಿಸಿಯೇ ಬರೆದಿದ್ದಾರೆ, ಕೂದಲು ಉಗುರಿನ ಜೊತೆಗೇ.

ಈಗ ಕೆಲಸಕ್ಕೆ ಬರುವ ಮಾತು. ಆ ಮೊಮ್ಮಗನಿಗೆ ಜಾಗದ ಹಕ್ಕುಪತ್ರ ಇದೆಯಾ? ಮೊದಲು ಅದನ್ನು ಕೇಳಿ. ನಮ್ಮವರ ಹೋರಾಟ ಪೂರ್ತಿ ಭೂಮಿಯದ್ದು. 1993ರಲ್ಲಿ ಮಂಗಳೂರಿನಲ್ಲಿ ಭೂಮಿಗಾಗಿ ಮೆರವಣಿಗೆ ಮಾಡಿದ ನೆನಪಿಗೆ ಪ್ರತಿ ಆಗಸ್ಟ್ 18ಕ್ಕೆ ಭೂಮಿ ಹಬ್ಬ ಮಾಡುತ್ತೇವೆ. ಕೊರಗರ ಸ್ಥಿತಿಗತಿಯ ಬಗ್ಗೆ ಬಂದ ಡಾ. ಮಹಮ್ಮದ್ ಪೀರ್ ವರದಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಅಂದಿತ್ತು. ಇನ್ನೂ ಅರ್ಜಿ ಬರೆಯುತ್ತಲೇ ಇದ್ದೇವೆ. ಆ ಗುಡ್ಡ ಅರಣ್ಯ ಇಲಾಖೆಯದ್ದಾದರೆ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಬಹುದು. ಅಲ್ಲಿ ದಾಖಲೆ ಕೇಳುತ್ತಾರೆ. ನಮ್ಮ ಹತ್ತಿರ ಎಂಥ ದಾಖಲೆ? ನಮ್ಮ ಅಜ್ಜಿಯಂದಿರು ಇದ್ದ ಜಾಗ ಕಂಡವರು ನೀವು. 1966ರಲ್ಲಿ ಆ ಮನೆ ಅಲ್ಲಿತ್ತು ಅಂತ ನಿಮಗೆ ಗೊತ್ತು. ಅದನ್ನು ಬರೆದುಕೊಡಿ.

ಪಂಚಾಯತ್ ಕಟ್ಟೆ

ಗ್ರಾಮ ಪಂಚಾಯತಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೇಲಿನ ತಂಗಿ ಹೇಳಿದ್ದು ಸರಿ. ಅದು 2006ರ ಕಾಯ್ದೆ. ಅದರ ನಿಯಮ 13ರಲ್ಲಿ ಸಾಕ್ಷ್ಯ ಏನೇನು ಅಂತ ಇದೆ. ಅರ್ಜಿದಾರರಲ್ಲದ ಹಿರಿಯರು ಕೊಟ್ಟ ಲಿಖಿತ ಹೇಳಿಕೆಯೂ ಅದರಲ್ಲಿ ಒಂದು. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ, ಆರ್‌ಟಿಸಿ ಇಲ್ಲ ಅಂತ ಕಚೇರಿಯ ಮೆಟ್ಟಿಲಿನಿಂದಲೇ ವಾಪಸು ಹೋಗುತ್ತಾರೆ.

ಆದರೆ ಹೇಳಿಕೆ ಒಂದೇ ಸಾಲದು. ಒಂದಕ್ಕಿಂತ ಜಾಸ್ತಿ ಸಾಕ್ಷ್ಯ ಬೇಕು. ಹಳೆ ಬಾವಿ, ದಫನ ಮಾಡಿದ ಜಾಗ, ದೈವದ ಕಲ್ಲು, ಮಣ್ಣು ಸಮ ಮಾಡಿ ಕಟ್ಟಿದ ಕಟ್ಟ, ಇವೆಲ್ಲ ನಡೆಯುತ್ತವೆ. ರೇಶನ್ ಕಾರ್ಡ್, ವೋಟರ್ ಕಾರ್ಡ್ ಇದ್ದರೆ ಇಡಿ. ವಂಶಾವಳಿಯೂ ಆಗುತ್ತದೆ. ಪರಿಶಿಷ್ಟ ಪಂಗಡದವರಿಗೆ ಬೇರೆಯವರ ಹಾಗೆ 75 ವರ್ಷದ ವಾಸ ತೋರಿಸುವ ಕಷ್ಟ ಇಲ್ಲ. 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಆ ಜಾಗದಲ್ಲಿ ಇರಬೇಕು. ಅರ್ಜಿ ಹೋಗುವುದು ಗ್ರಾಮಸಭೆಗೆ, ಅಲ್ಲಿಂದ ಉಪವಿಭಾಗ ಸಮಿತಿ, ಆಮೇಲೆ ಡಿಸಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ. ತಿರಸ್ಕಾರವಾದರೆ ಕಾರಣ ಬರೆದು ಕೊಡಲು ಹೇಳಿ. ಬಾಯಲ್ಲಿ "ಆಗುವುದಿಲ್ಲ" ಅಂದದ್ದನ್ನು ಕೇಳಿಕೊಂಡು ಬರಬೇಡಿ. ಮಣಿಪಾಲ ರಜತಾದ್ರಿಯಲ್ಲಿರುವ ಐಟಿಡಿಪಿ (ಬುಡಕಟ್ಟು ಅಭಿವೃದ್ಧಿ) ಕಚೇರಿಯಲ್ಲೂ ಒಂದು ಪ್ರತಿ ಕೊಟ್ಟು ಸೀಲು ಹಾಕಿಸಿ.

ಟೀಚರ್ ಅಕ್ಷರ ಚೆನ್ನಾಗಿರುತ್ತದೆ, ಕೈಬರಹದಲ್ಲೇ ಬರೆಯಿರಿ.

ವಿನ್ನಿಪೆಗ್ ನರ್ಸ್

ಉದ್ಯಾವರದವಳು, ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ನಮ್ಮ ಆಸ್ಪತ್ರೆಯಲ್ಲಿ ಪ್ರತಿ ಮೀಟಿಂಗ್ ಶುರುವಿನಲ್ಲಿ ಇದು ಯಾರ ನೆಲ ಅಂತ ಒಂದು ಚೀಟಿ ಓದುತ್ತಾರೆ. ಓದಿ ಮುಗಿಸಿ ಕಾಫಿ ಕುಡಿಯುತ್ತೇವೆ. ಹಾಗಾಗಿ ಇಲ್ಲಿ ಎಲ್ಲ ಸರಿಯಾಗಿದೆ ಅಂದುಕೊಳ್ಳಬೇಡಿ.

ಒಂದು ವಿಷಯ ಮಾತ್ರ ನೆನಪಿಡಿ. ಇಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಜೂನಿನಲ್ಲಿ. ಶಾಲೆಯಲ್ಲಿ ನರಳಿದವರು ಕೋರ್ಟಿಗೆ ಹೋಗಿ, ಪರಿಹಾರದ ಒಪ್ಪಂದ 2007ರಲ್ಲೇ ಜಾರಿಗೆ ಬಂದಿತ್ತು. ಆಮೇಲೆ ಸತ್ಯ ಮತ್ತು ಸಮನ್ವಯ ಆಯೋಗ 6,500ಕ್ಕೂ ಹೆಚ್ಚು ಜನರ ಮಾತು ಕೇಳಿತು. ಕೊನೆಗೆ ಮಾಡಬೇಕಾದ ಕೆಲಸ ಇಷ್ಟು ಅಂತ 94 ಅಂಶ ಬರೆದು ಕೊಟ್ಟಿತು. ಅದರಲ್ಲಿ ಎಷ್ಟೋ ಇನ್ನೂ ಬಾಕಿ. ಕಿತ್ತಳೆ ಅಂಗಿ ಮಾತ್ರ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.

ಹೆಬ್ರಿ ಟೀಚರ್

ಐದು ವಾರದ ಮೇಲೆ ಬರೆಯುತ್ತಿದ್ದೇನೆ. ಹೋಗಿ ಬಂದೆ.

ಮೊದಲು ತಮ್ಮನಿಗೆ ಫೋನ್ ಮಾಡಿದೆ. "ಅದನ್ನೆಲ್ಲ ಈಗ ಯಾಕೆ ಎಬ್ಬಿಸುತ್ತೀ ಅಕ್ಕ?" ಅಂದ. ಅವನಿಗೆ ಆ ಅನ್ನದ ವಿಷಯ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ನನ್ನ ಉಗುರಾ?" ಅಂತ ಕೇಳಿ ಫೋನ್ ಇಟ್ಟ.

ಮೊಮ್ಮಗ ರಬ್ಬರ್ ಟ್ಯಾಪಿಂಗ್ ಮುಗಿಸಿ ಹತ್ತು ಗಂಟೆಗೆ ಬಂದರು. ಕೈಯಲ್ಲಿ ಏನೂ ಹಿಡಿದುಕೊಂಡು ಹೋಗಿರಲಿಲ್ಲ, ಅದು ಒಂಥರಾ ಕಷ್ಟವೇ. ಚಾ ಕೊಟ್ಟರು, ಕುಡಿದೆ. ಜಾಗದ ವಿಷಯ ಎತ್ತಿದೆ. ಹಕ್ಕುಪತ್ರ ಇಲ್ಲ. ಒಮ್ಮೆ ಅರ್ಜಿ ಹಾಕಿದ್ದರು, ದಾಖಲೆ ಸಾಲದು ಅಂತ ಬದಿಗಿಟ್ಟಿದ್ದಾರೆ. 1966ರಲ್ಲಿ ಈ ಮನೆ ನೋಡಿದ್ದೇನೆ, ಬರೆದುಕೊಡುತ್ತೇನೆ ಅಂದೆ. ಅವರು ನನ್ನ ಮುಖ ನೋಡಿ ಕೇಳಿದರು, "ಎಲೆ ಹಿಡಿದುಕೊಂಡು ಬಂದ ಹುಡುಗಿ ನೀವಾ?"

ಅವರ ಅಜ್ಜಿ ಹೇಳಿದ್ದರಂತೆ. ಹುಡುಗಿಯ ಕೈ ನಡುಗುತ್ತಿತ್ತು, ಅನ್ನ ಚೆಲ್ಲಿದರೆ ಮನೆಯಲ್ಲಿ ಬೈಯುತ್ತಾರೆ ಅಂತ ಬೇಗ ತೆಗೆದುಕೊಂಡೆ ಅಂತ. ನಾನು ಹೌದು ಅಂದೆ. ಬೇರೆ ಏನೂ ಹೇಳಲಿಲ್ಲ. ಅವರೂ ಇರಲಿ ಅನ್ನಲಿಲ್ಲ. ಎದ್ದು ಬಾವಿ ತೋರಿಸಲು ಕರೆದುಕೊಂಡು ಹೋದರು.

ಬಾವಿ ನನಗೆ ನೆನಪಿತ್ತು, ಕಟ್ಟೆ ಇಲ್ಲದ ಬಾವಿ. ಪಕ್ಕದ ಹಲಸಿನ ಮರ ಬಿದ್ದಿದೆ, ಬುಡ ಉಳಿದಿದೆ. ಅದರಾಚೆ ಅಜ್ಜಿಯನ್ನು ಇಟ್ಟ ಜಾಗ. ಎಲ್ಲ ಬರೆದುಕೊಂಡೆ. ಎರಡು ಪುಟವಾಯಿತು. ಅಜಲಿನ ವಿಷಯ ಹೇಳಿಕೆಯಲ್ಲಿ ಬೇಡ ಅಂದರು, ಬಿಟ್ಟೆ. ಇವರು ಇಂಥವರ ಮೊಮ್ಮಗ ಅಂತ ಬರೆಯುವಲ್ಲಿ ವಾರದ ಹೆಸರು ಹಾಕಲು ಹೊರಟಿದ್ದೆ. ಅದಲ್ಲ ಅಂದರು. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಬೇರೆ. ಅದನ್ನು ನನ್ನ ಕೈಯಲ್ಲಿ ಮೂರು ಸಲ ಹೇಳಿಸಿದರು, ನನ್ನ ಉಚ್ಚಾರ ಸರಿ ಬರುತ್ತಿರಲಿಲ್ಲ. ಆ ಹೆಸರು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಅವರನ್ನು ಕೇಳಿಲ್ಲ.

ನಿನ್ನೆ ತಮ್ಮನ ಫೋನ್ ಬಂತು. ಎರಡನೇ ಹೇಳಿಕೆಗೆ ಅವನೂ ಬರುತ್ತಾನಂತೆ. ಚಿಕ್ಕವನಿದ್ದಾಗ ಆ ಬಾವಿಗೆ ಕಲ್ಲು ಹಾಕಿ ಬೈಸಿಕೊಂಡದ್ದು ಅವನಿಗೂ ನೆನಪಿದೆ.

ಪಂಚಾಯತ್ ಕಟ್ಟೆಯವರಿಗೆ ಒಂದು ಪ್ರಶ್ನೆ. ಹಳೆ ರೇಶನ್ ಕಾರ್ಡಿನಲ್ಲಿ ಅಜ್ಜಿಯದ್ದು ವಾರದ ಹೆಸರೇ ಇದೆ. ನಾನು ಬರೆದದ್ದು ಮನೆಯ ಹೆಸರು. ಎರಡೂ ಒಬ್ಬರೇ ಅಂತ ಹೇಗೆ ತೋರಿಸುವುದು? ಗ್ರಾಮಸಭೆ ಬರುವ 12ಕ್ಕೆ.

ಪಂಚಾಯತ್ ಕಟ್ಟೆ

"ಯಾನೆ" ಹಾಕಿ ಎರಡನ್ನೂ ಬರೆಯಿರಿ ಟೀಚರ್. ಮನೆಯ ಹೆಸರು ಮೊದಲು.