ದಿನಾ ನೀರು ಹಾಕಿದರೂ ಗಿಡ ಬಾಡುತ್ತಿವೆ, ಏನು ಮಾಡಲಿ?

ಪ್ರಶ್ನೆ

ನಮಸ್ಕಾರ. ಮನೆ ಮುಂದೆ 20 ಅಡಿಗೆ 30 ಅಡಿ ಜಾಗ ಇದೆ. ಅರ್ಧ ಹುಲ್ಲುಹಾಸು, ಗೋಡೆ ಬದಿಗೆ ಗುಲಾಬಿ ಕುಂಡಗಳು, ಮೂಲೆಯಲ್ಲಿ ಎರಡು ವರ್ಷದ ನಿಂಬೆ ಗಿಡ. ದಿನಾ ಸಂಜೆ ಅರ್ಧ ಗಂಟೆ ಪೈಪ್ ಹಿಡಿದು ನಿಲ್ಲುತ್ತೇನೆ. ಆದರೂ ಮಧ್ಯಾಹ್ನ ಎಲೆಗಳೆಲ್ಲ ಜೋತುಬೀಳುತ್ತವೆ, ಹುಲ್ಲು ಅಲ್ಲಲ್ಲಿ ಹಳದಿಯಾಗಿದೆ. ನಿನ್ನೆ ನಿಂಬೆಯ ಬುಡ ಕೆದಕಿ ನೋಡಿದೆ. ಮೇಲೆ ಒಂದು ಇಂಚು ಹಸಿ, ಅದರ ಕೆಳಗೆ ಬೂದಿಯಂಥ ಒಣ ಮಣ್ಣು. ಕರುಳು ಚುರುಕ್ ಅಂದಿತು. ಬಾವಿಯಲ್ಲೂ ನೀರು ಇಳಿಯುತ್ತಿದೆ. ಎಲ್ಲ ಕಿತ್ತು ಜಲ್ಲಿ ಸುರಿದುಬಿಡೋಣ ಅಂತ ಮನೆಯವರು ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ.

ಉತ್ತರ 1

ಜಲ್ಲಿ ಮಾತ್ರ ಬೇಡ. ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯವರೆಗೂ ಕಾವು ಬಿಡುತ್ತದೆ. ನಾವು ಗೋಡೆ ಪಕ್ಕ ಒಂದು ಪಟ್ಟಿ ಹಾಕಿಸಿದ್ದೆವು. ಅಲ್ಲಿದ್ದ ದಾಸವಾಳದ ಕೆಳಗಿನ ಎಲೆಗಳ ಅಂಚೆಲ್ಲ ಸುಟ್ಟ ಹಾಗಾಯಿತು. ಕೊನೆಗೆ ತೆಗೆಸಿದೆವು.

ಉತ್ತರ 2

ಮೇಲೆ ಒಂದು ಇಂಚು ಹಸಿ, ಕೆಳಗೆ ಒಣ ಅಂದಿರಲ್ಲ, ತೊಂದರೆ ಅಲ್ಲೇ ಇದೆ. ದಿನಾ ಸ್ವಲ್ಪ ಸ್ವಲ್ಪ ನೀರು ಹಾಕಿದರೆ ಬೇರು ಮೇಲೆಯೇ ಉಳಿಯುತ್ತದೆ. ಬಿಸಿಲಿಗೆ ಮೊದಲು ಕಾಯುವುದೂ ಅದೇ ಮೇಲ್ಮಣ್ಣು.

ನಿಂಬೆಯಿಂದ ಶುರು ಮಾಡಿ. ಕಾಂಡದ ಬುಡಕ್ಕೆ ನೀರು ಸುರಿಯಬೇಡಿ. ಕೊಂಬೆಗಳ ತುದಿ ಎಲ್ಲಿಯವರೆಗೆ ಹರಡಿದೆಯೋ ಅಲ್ಲಿ ಸುತ್ತಲೂ ಪಾತಿ ಮಾಡಿ. ನೀರು ಹೀರುವ ಎಳೆ ಬೇರು ಜಾಸ್ತಿ ಇರುವುದು ಆ ಕಡೆಗೆ. ಬೆಳಿಗ್ಗೆ ಬೇಗ ಪೈಪನ್ನು ಸಣ್ಣಗೆ ಬಿಟ್ಟು ಅಲ್ಲಿಟ್ಟುಬಿಡಿ. ಆಮೇಲೆ ಒಂದು ಕಬ್ಬಿಣದ ಸರಳು ಚುಚ್ಚಿ ನೋಡಿ. ಹಸಿ ಮಣ್ಣಿನಲ್ಲಿ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣು ಸಿಕ್ಕಿದ ಕಡೆ ಟಕ್ ಅಂತ ನಿಲ್ಲುತ್ತದೆ. ಒಂದೂವರೆ ಅಡಿ ಇಳಿದರೆ ಸಾಕು. ಎರಡು ಬೆರಳು ಆಳ ಒಣಗುವವರೆಗೆ ಮತ್ತೆ ನೀರು ಬೇಡ. ಆದರೆ ದಿನಾ ಕುಡಿದು ಅಭ್ಯಾಸವಾದ ಗಿಡವನ್ನು ಒಮ್ಮೆಲೇ ವಾರಗಟ್ಟಲೆ ಕಾಯಿಸಬೇಡಿ. ಎರಡು ದಿನ, ಮೂರು ದಿನ, ಹೀಗೆ ಅಂತರ ಹೆಚ್ಚಿಸಿ.

ಪಾತಿ ಮೇಲೆ ಮೂರು ಇಂಚು ತರಗೆಲೆ ಹಾಸಿ, ಕಾಂಡದ ಸುತ್ತ ಒಂದು ಗೇಣು ಬಿಟ್ಟು. ಇದನ್ನು ದಯವಿಟ್ಟು ಮರೆಯಬೇಡಿ. ನಮ್ಮ ತೋಟದಲ್ಲಿ ಸುಡುಬಿಸಿಲಿನ ಮಧ್ಯಾಹ್ನ ತರಗು ಸರಿಸಿದರೆ ಕೆಳಗೆ ಮಣ್ಣು ತಣ್ಣಗಿರುತ್ತದೆ. ಬಿಳಿ ದಾರದಂಥ ಬೇರುಗಳು ಎಲೆಯ ಅಡಿಗೇ ಬಂದು ಹೆಣೆದುಕೊಂಡಿರುತ್ತವೆ. ನನಗೆ ಅದನ್ನು ನೋಡುವುದೇ ಒಂದು ಸಂತೋಷ.

ಮಧ್ಯಾಹ್ನ ಎಲೆ ಜೋತರೆ ಗಾಬರಿಯಾಗಿ ಪೈಪ್ ಹಿಡಿಯಬೇಡಿ. ಬೇರು ಕೊಡುವುದಕ್ಕಿಂತ ಬೇಗ ಎಲೆಯಿಂದ ನೀರು ಆರುತ್ತಿರುತ್ತದೆ, ಅಷ್ಟೇ. ಬೆಳಗಾಗುವಾಗ ಎಲೆ ನೆಟ್ಟಗಿದ್ದರೆ ಗಿಡ ಚೆನ್ನಾಗಿದೆ. ಬೆಳಿಗ್ಗೆಯೂ ಬಾಡಿದ್ದರೆ ಸರಳು ಚುಚ್ಚಿ ನೋಡಿ.

ಹುಲ್ಲಿನ ವಿಷಯ ನೇರವಾಗಿ ಹೇಳುತ್ತೇನೆ. ಅದು ಸುಮಾರು 28 ಚದರ ಮೀಟರ್ ಆಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಬೇಕು ಅಂದರೂ 140 ಲೀಟರ್ ಆಯಿತು. ನೀವು ಓಡಾಡುವಷ್ಟು ಮಾತ್ರ ಉಳಿಸಿಕೊಳ್ಳಿ. ಉಳಿದದ್ದರಲ್ಲಿ ಕಾಗದದ ಹೂವು, ದೇವಕಣಗಿಲೆ, ನಿತ್ಯಪುಷ್ಪ ಬರುತ್ತವೆ. ಆದರೆ ನೆಡುವುದು ಮಳೆ ಶುರುವಾದ ಮೇಲೆ. ಬರ ತಡೆಯುವ ಗಿಡಕ್ಕೂ ಮೊದಲ ವರ್ಷ ನೀರು ಬೇಕೇ ಬೇಕು. ಈಗ ಯೂರಿಯಾ ಹಾಕಬೇಡಿ. ಚಿಗುರು ಬಂದರೆ ಅದೂ ನೀರು ಕೇಳುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಇನ್ನೊಂದು ಅನುಮಾನ. ಗುಲಾಬಿ ಕುಂಡಕ್ಕೆ ನೀರು ಹಾಕಿದ ಕೂಡಲೇ ತಳದಿಂದ ಹೊರಗೆ ಬರುತ್ತದೆ. ಹಾಗಾದರೆ ಸಾಕಾಯಿತು ಅಂತ ಅಲ್ವಾ?

ಉತ್ತರ 3

ಅಲ್ಲ. ತೆಂಗಿನ ನಾರಿನ ಪುಡಿ ಹಾಕಿದ್ದೀರಾ? ಅದು ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಗೋಡೆ ಬಿಡುತ್ತದೆ. ನೀರು ಆ ಸಂದಿಯಲ್ಲೇ ಜಾರಿ ಹೋಗುತ್ತದೆ, ಬೇರಿಗೆ ಮುಟ್ಟುವುದೇ ಇಲ್ಲ. ಕುಂಡವನ್ನು ನೀರಿನ ಟಬ್ಬಿನಲ್ಲಿ ಇಡಿ. ಗುಳ್ಳೆ ಏಳುವುದು ನಿಂತ ಮೇಲೆ ಎತ್ತಿ ಬಸಿಯಲು ಬಿಡಿ. ಗೋಡೆಯ ಕಾವು ತಾಗದ ಹಾಗೆ ಕುಂಡಗಳನ್ನು ಎರಡು ಅಡಿ ಮುಂದಕ್ಕೆ ತನ್ನಿ, ಒತ್ತೊತ್ತಾಗಿ ಇಡಿ.

ಪ್ರಶ್ನೆ ಕೇಳಿದವರು

ಒಂದು ಕುಂಡವನ್ನು ಟಬ್ಬಿನಲ್ಲಿಟ್ಟೆ. ಹತ್ತು ನಿಮಿಷವಾದರೂ ಗುಳ್ಳೆ ಬರುತ್ತಲೇ ಇತ್ತು! ಎತ್ತಿದಾಗ ಎರಡು ಕೈ ಬೇಕಾಯಿತು, ಅಷ್ಟು ಭಾರ. ನಿಂಬೆಯ ಹತ್ತಿರ ಸರಳು ನಾಲ್ಕು ಬೆರಳಿಗೇ ನಿಂತಿತ್ತು. ಈಗ ಪೈಪ್ ಸಣ್ಣಗೆ ಬಿಟ್ಟಿದ್ದೇನೆ.